ಬಲಕ್ಕೆ ತಿರುಗದ ಇಪ್ಪತ್ತೊಂದು ದಿನ

ನಮ್ಮೂರಲ್ಲಿ ಇರುವುದು ಒಂದೇ ಒಂದು ಸಿಗ್ನಲ್ಲು. ಒಂದಾದರೂ ಅದರ ಜಂಬ ನೂರರಷ್ಟು. ಗಡಿಯಾರ ಕಂಬದ ಸರ್ಕಲ್ಲಿನಲ್ಲಿ ನಿಂತುಕೊಂಡು ಅದು ಒಮ್ಮೆ ಕೆಂಪು ದೀಪ ಹಚ್ಚಿತೆಂದರೆ ಮುಗಿಯಿತು. ಕೆಳಗೆ ನಿಂತವರು ಎಲೆಯಡಿಕೆ ಹಾಕಿ, ಉಗಿದು, ಪಕ್ಕದ ಗಾಡಿಯವನ ಮನೆಯ ಕಷ್ಟಸುಖ ಪೂರ್ತಿ ಕೇಳಿ ಮುಗಿಸಿದರೂ ಹಸಿರಾಗುವುದಿಲ್ಲ. ಅದರ ನೆತ್ತಿಯ ಮೇಲೆ ಗುಬ್ಬಿ ಕೂತ ಹಾಗೆ ಒಂದು ಕ್ಯಾಮೆರಾ. ಎಡಕ್ಕೆ ಹೋಗುವವರಿಗೆ ಅದು ಏನೂ ಅನ್ನುವುದಿಲ್ಲ, ಯಾವಾಗ ಬೇಕಾದರೂ ಹೋಗಬಹುದು. ಕೆಂಪು ದೀಪ ಉರಿಯುತ್ತಿರುವಾಗ ಬಲಕ್ಕೆ ತಿರುಗಿದವರನ್ನು ಮಾತ್ರ ಅದು ಬಿಟ್ಟ ಉದಾಹರಣೆಯೇ ಇಲ್ಲ.

ಹಾಗೆ ತಿರುಗಿದ ಮೂರನೆಯ ದಿನಕ್ಕೆ ಕಂದು ಬಣ್ಣದ ಲಕೋಟೆ ಬರುತ್ತದೆ. ಒಳಗೆ ನಿಮ್ಮ ಫೋಟೋ, ಅದರ ಕೆಳಗೆ ಎರಡು ಸಾಲು, ಒಂದು ಸಹಿ. ನೋಟೀಸು ಕೈಗೆ ಬಂದ ಗಳಿಗೆಯಿಂದ ಇಪ್ಪತ್ತೊಂದು ದಿನ ಆ ಮನುಷ್ಯ ಬಲಕ್ಕೆ ತಿರುಗುವುದಿಲ್ಲ. ನಡೆಯುವಾಗಲೂ ಇಲ್ಲ, ಗಾಡಿ ಓಡಿಸುವಾಗಲೂ ಇಲ್ಲ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ಇಲ್ಲ. ಮನಸ್ಸು ಮಾಡಿದರೂ ಆಗುವುದಿಲ್ಲ, ನಾಲ್ಕು ಜನ ಪೈಲ್ವಾನರು ಹಿಡಿದು ತಿರುಗಿಸಿದರೂ ಆಗುವುದಿಲ್ಲ. ಅಂಥವರನ್ನು ನಮ್ಮೂರಲ್ಲಿ ‘ಎಡಸುತ್ತಿನವರು’ ಅನ್ನುತ್ತಾರೆ. ಬಲಗಡೆಯಿಂದ ಯಾರಾದರೂ ಕೂಗಿದರೆ ಅವರು ಎಡಕ್ಕೆ ಮುಕ್ಕಾಲು ಸುತ್ತು ಸುತ್ತಿ ‘ಏನು?’ ಅನ್ನಬೇಕು. ಅಷ್ಟರಲ್ಲಿ ಕೂಗಿದವರು ಹೋಗಿರುತ್ತಾರೆ. ಕ್ಷೌರದಂಗಡಿಯವನು ಇಂಥವರಿಗೆಂದೇ ತಿರುಗುವ ಕುರ್ಚಿ ಬಿಟ್ಟು ತಾನೇ ಸುತ್ತ ಓಡಾಡುತ್ತಾನೆ. ಮನೆ ಕಟ್ಟುವವರು ಹಿಂದೊಂದು ಬಾಗಿಲು ಇಡದೆ ಕಟ್ಟುವುದಿಲ್ಲ. ಯಾವ ಮನೆಗೆ ಯಾವಾಗ ನೋಟೀಸು ಬರುತ್ತದೋ ಹೇಳಲಾಗುವುದಿಲ್ಲವಲ್ಲ!

ನಾನು ಐಸ್ ಗಡ್ಡೆ ಹಂಚುವ ಟೆಂಪೋ ಡ್ರೈವರ್. ಹೆಸರು ಪಾಲಾಕ್ಷ. ಹತ್ತೊಂಬತ್ತು ವರ್ಷದಿಂದ ಅದೇ ಸಿಗ್ನಲ್ಲಿನಲ್ಲಿ, ಹಿಂದೆ ಐಸು ಕರಗಿ ನೀರಾಗಿ ರಸ್ತೆಗೆ ತೊಟ್ಟಿಕ್ಕುತ್ತಿದ್ದರೂ, ಗರುಡಗಂಬದ ಹಾಗೆ ನಿಂತವನು. ‘ಪಾಲಾಕ್ಷನ ಐಸು ಕರಗಬಹುದು, ಪಾಲಾಕ್ಷ ಕದಲಲ್ಲ’ ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥವನಿಗೆ ನೋಟೀಸು ಬಂತು. ಅದೂ ಮದುವೆಗೆ ಒಂಬತ್ತು ದಿನ ಇರುವಾಗ.

ತಪ್ಪು ನನ್ನದೇ. ಅವತ್ತು ಪ್ರೆಸ್ಸಿನವನು ಲಗ್ನಪತ್ರಿಕೆಯ ಮೊದಲನೇ ಪ್ರತಿಯನ್ನು ಇನ್ನೂ ಬಿಸಿ ಬಿಸಿ ಇರುವಾಗಲೇ ನನ್ನ ಕೈಗೆ ಕೊಟ್ಟಿದ್ದ. ನಲವತ್ತೆರಡು ವರ್ಷ ಊರವರ ಲಗ್ನಪತ್ರಿಕೆಗಳನ್ನೇ ಓದಿಕೊಂಡು ಬಂದವನು ನಾನು. ‘ಚಿ. ಪಾಲಾಕ್ಷ’ ಎಂದು ಅಚ್ಚಾದದ್ದನ್ನು ನೋಡಿ ತಲೆ ನಿಲ್ಲಲಿಲ್ಲ. ಪಕ್ಕದಲ್ಲೇ ಬಂಗಾರದ ಶಾಯಿಯಲ್ಲಿ ‘ಚಿ. ಸೌ. ಮಂದಾಕಿನಿ’. ಅವಳಿಗೆ ತೋರಿಸಬೇಕು, ಈಗಲೇ ತೋರಿಸಬೇಕು ಅನ್ನುವುದೊಂದೇ ಧ್ಯಾನ. ಅವಳ ಕಚೇರಿ ಇರುವುದು ಗಡಿಯಾರ ಕಂಬದ ಬಲಕ್ಕೆ. ದೀಪ ಕೆಂಪಗಿತ್ತು. ನಾನು ನೋಡಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ನೋಡಿದೆ, ನೋಡಿ ನಕ್ಕೆ, ತಿರುಗಿಸಿದೆ.

ನೋಟೀಸಿನ ಫೋಟೋದಲ್ಲಿ ಎಲ್ಲ ಬಂದಿದೆ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಲಗ್ನಪತ್ರಿಕೆ, ಮೂವತ್ತೆರಡು ಹಲ್ಲೂ ಹೊರಗೆ. ಇಷ್ಟು ಚೆನ್ನಾಗಿರುವ ಫೋಟೋ ನನ್ನದು ಇನ್ನೊಂದಿಲ್ಲ. ಅದರ ಕೆಳಗೆ, ‘ನೀವು ಕೆಂಪು ದೀಪವಿರುವಾಗ ಬಲಕ್ಕೆ ತಿರುಗಿರುತ್ತೀರಿ. ಇಂದಿನಿಂದ ಇಪ್ಪತ್ತೊಂದು ದಿನ ತಿರುಗತಕ್ಕದ್ದಲ್ಲ.’ ಅದರ ಕೆಳಗೆ ಸಹಿ: ಮಂದಾಕಿನಿ. ಹೌದು, ಅವಳೇ. ಊರಿಗೆಲ್ಲ ನೋಟೀಸು ಬರೆದು ಸಹಿ ಹಾಕುವ ಗುಮಾಸ್ತೆ ನನ್ನ ಮಂದಾಕಿನಿಯೇ.

ನಮ್ಮಕ್ಕ ತುಂಗಕ್ಕ ನನ್ನನ್ನು ಸಾಕಿ ಬೆಳೆಸಿದವಳು. ಲಕೋಟೆ ನೋಡಿದವಳೇ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

“ಮದುವೆಗೆ ಮುಂಚೇನೇ ಗಂಡನಿಗೆ ನೋಟೀಸು ಕೊಟ್ಟವಳು, ಮದುವೆ ಆದ್ಮೇಲೆ ಇನ್ನೇನೇನು ಕೊಡ್ತಾಳೋ! ಎದ್ದೇಳು. ಹೋಗಿ ಹರಿದು ಹಾಕು ಅಂತ ಹೇಳು.”

“ಅಕ್ಕಾ, ಅವಳ ಕೆಲಸ ಅದು.”

“ನಿನ್ನ ಮದುವೆಯಲ್ಲಿ ಏಳು ಸುತ್ತು ಬೆಂಕಿ ಸುತ್ತೋದು ಯಾರ ಕೆಲಸ? ನಮ್ಮಪ್ಪ ಬಂದು ಸುತ್ತುತ್ತಾರಾ?”

ಆಗ ನನಗೆ ಹೊಳೆಯಿತು. ನಮ್ಮೂರ ಪದ್ಧತಿಯಲ್ಲಿ ಗಂಡು ಮುಂದೆ, ಹೆಣ್ಣು ಹಿಂದೆ, ಸೆರಗಿಗೆ ಶಲ್ಯ ಗಂಟು ಹಾಕಿ, ಅಗ್ನಿಯ ಸುತ್ತ ಏಳು ಪ್ರದಕ್ಷಿಣೆ ಬಂದರೇ ಮದುವೆ. ಏಳರಲ್ಲಿ ಒಂದು ಕಡಿಮೆಯಾದರೂ ಊರವರು ಒಪ್ಪುವುದಿಲ್ಲ. ಪ್ರದಕ್ಷಿಣೆ ಅಂದರೆ ಬಲಕ್ಕೇ ತಿರುಗುತ್ತಾ ಹೋಗಬೇಕು. ನಾನೋ ಎಡಸುತ್ತಿನವನು.

ಪುರೋಹಿತರಾದ ಶೇಷಗಿರಿ ಜೋಯಿಸರ ಹತ್ತಿರ ಓಡಿದೆ. ಅವರ ಮನೆ ನಮ್ಮ ಬೀದಿಯಿಂದ ಬಲಕ್ಕೆ ಮೂರನೆಯದು. ನಾನು ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿ, ಕುಂಬಾರರ ಕೇರಿಯೆಲ್ಲ ದಾಟಿ, ಅರ್ಧ ಊರು ನೋಡಿಕೊಂಡು ತಲುಪುವಷ್ಟರಲ್ಲಿ ಅವರ ಊಟವಾಗಿ ನಿದ್ದೆಯೂ ಆಗಿತ್ತು.

“ಎಡಕ್ಕೆ ಸುತ್ತಿದರೆ ಆಗೋದಿಲ್ವಾ ಜೋಯಿಸರೇ?” ಅಂದೆ.

“ಆಗುತ್ತೆ. ಯಾವಾಗ ಗೊತ್ತಾ? ಹೆಣದ ಸುತ್ತ,” ಅಂದರು ಜೋಯಿಸರು. “ನೋಡಪ್ಪಾ, ಮುಂದಕ್ಕೆ ಹಾಕಿಬಿಡು. ಇದು ಬಿಟ್ಟರೆ ನಿಮ್ಮಿಬ್ಬರ ಜಾತಕಕ್ಕೂ ಹೊಂದೋ ಮುಹೂರ್ತ ಇನ್ನು ಎಂಟು ತಿಂಗಳಿಗೆ. ಎಂಟು ತಿಂಗಳು ಏನು ಮಹಾ?”

ಎಂಟು ತಿಂಗಳು ಏನು ಮಹಾ ಎಂಬುದು ಜೋಯಿಸರಿಗೆ ಗೊತ್ತಿಲ್ಲ. ಮಂದಾಕಿನಿಗೆ ಗೊತ್ತು. ಅವಳಿಗೆ ಮೂವತ್ತೆಂಟು. ಇದಕ್ಕೆ ಮೊದಲು ಎರಡು ಸಲ ಅವಳ ಲಗ್ನಪತ್ರಿಕೆ ಅಚ್ಚಾಗಿತ್ತು. ಮೊದಲನೆಯ ಸಲ ಗಂಡಿನ ಅಜ್ಜ ತೀರಿಕೊಂಡರೆಂದು ಒಂದು ತಿಂಗಳು ಮುಂದಕ್ಕೆ ಹಾಕಿದರು. ಎರಡನೆಯ ಸಲ ಛತ್ರದ ಸೂರು ರಿಪೇರಿಯೆಂದು, ಆಷಾಢ ಕಳೆಯಲಿ ನೋಡೋಣ ಅಂದರು. ಮುಂದಕ್ಕೆ ಹೋದದ್ದು ಎರಡು ಸಲವೂ ವಾಪಸು ಬರಲಿಲ್ಲ. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಒಂದು ಸಾರಿ, ಅದೂ ಯಾರದೋ ಕಥೆ ಹೇಳುವ ಹಾಗೆ, ಕಬ್ಬಿನ ಹಾಲಿನ ಲೋಟ ಕೈಯಲ್ಲಿ ಹಿಡಿದುಕೊಂಡು.

ಅವಳ ಕಚೇರಿ ಹಿಟ್ಟಿನ ಗಿರಣಿಯ ಮಹಡಿಯಲ್ಲಿ, ನಾನು ದಿನಾ ಐಸು ಹಾಕುವ ಕಬ್ಬಿನ ಹಾಲಿನ ಅಂಗಡಿಯ ಎದುರಿಗೆ. ಮೆಟ್ಟಿಲು ಬಲಕ್ಕೆ ತಿರುಗುತ್ತದೆ. ನಾನು ಅಲ್ಲಿ ಎಡಕ್ಕೆ ಮುಕ್ಕಾಲು ಸುತ್ತು ಸುತ್ತಿ, ಕೆಳಗಿಳಿಯುತ್ತಿದ್ದ ಒಬ್ಬಾಕೆಯ ಹಿಟ್ಟಿನ ಡಬ್ಬಿಗೆ ಗುದ್ದಿ, ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ಅವಳ ಮೇಜಿನ ಮುಂದೆ ನಿಂತೆ. ಮಂದಾಕಿನಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆದರೂ ನಗು ಪಕ್ಕದಿಂದ ಸೋರಿತು.

“ಕೂತ್ಕೊಳ್ಳಿ,” ಅಂದಳು. “ಬೈಯೋಕೆ ಬಂದ್ರಾ?”

“ಇಲ್ಲ. ಅಕ್ಕ ಕಳಿಸಿದ್ಲು. ಹರಿದು ಹಾಕ್ತೀರಾ ಅಂತ ಕೇಳು ಅಂದ್ಲು.”

“ನೀವು ಕೇಳ್ತಾ ಇದೀರಾ?”

ನಾನು ಅಂಗಿಯ ಮೇಲಿನ ಹಿಟ್ಟು ಕೊಡವಿಕೊಂಡೆ. ಅವಳು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮಸುಮ್ಮನೆ ಜೋಡಿಸಿದಳು.

“ಆ ದಿನ ಹದಿನಾಲ್ಕು ಫೋಟೋ ಬಂದಿತ್ತು,” ಅಂದಳು. “ಹನ್ನೊಂದನೇದು ನಿಮ್ಮದು. ನೋಡಿ ನಕ್ಕೆ. ನಿಮ್ಮ ಹಲ್ಲು, ಆ ಪತ್ರಿಕೆ! ಅದರ ಮೇಲೆ ನನ್ನ ಹೆಸರು ಕೂಡ ಕಾಣ್ತಾ ಇತ್ತು. ಆಮೇಲೆ ಮುಹೂರ್ತ ನೆನಪಾಯ್ತು. ಅಳು ಬಂತು. ಅತ್ತೆ. ಮುಖ ತೊಳ್ಕೊಂಡು ಬಂದು ಸಹಿ ಹಾಕಿದೆ. ಒಂಬತ್ತು ವರ್ಷದಿಂದ ಯಾರಿಗೂ ಬಿಟ್ಟಿಲ್ಲ ನಾನು. ನಮ್ಮಮ್ಮನಿಗೂ ಕೊಟ್ಟಿದೀನಿ. ಇಪ್ಪತ್ತೊಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ರು. ನಿಮಗೊಬ್ಬರಿಗೆ ಬಿಟ್ಟರೆ ನಾಳೆ ಯಾವ ಮುಖ ಇಟ್ಕೊಂಡು ಇಲ್ಲಿ ಕೂತ್ಕೊಳ್ಳಲಿ?”

“ಸರಿಯಾಗೇ ಮಾಡಿದೀರಿ,” ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತು. ಇಂಥವಳನ್ನು ಬಿಟ್ಟರೆ ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಅಂತಲೂ ಅನ್ನಿಸಿತು.

ಅವಳು ತಲೆ ಎತ್ತದೆ ಕೇಳಿದಳು. “ಮುಂದಕ್ಕೆ ಹಾಕ್ತೀರಾ?”

“ಆಕಾಶವೇ ಕಳಚಿ ಬೀಳಲಿ, ಬುಧವಾರ ಮದುವೆ,” ಅಂದುಬಿಟ್ಟೆ. ಹೇಗೆ ಎಂದು ನನಗೆ ಸುತರಾಂ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಒದಗಿದವರು ಗಫಾರ್ ಸಾಹೇಬರು. ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್ಕು. ಐದು ಸಲ ನೋಟೀಸು ತಿಂದು ಅರಗಿಸಿಕೊಂಡವರು. ಎಡಸುತ್ತಿನ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ನಮ್ಮೂರಲ್ಲಿ ಇಲ್ಲ.

“ಅಯ್ಯೋ, ಇದಕ್ಕೆಲ್ಲ ಯಾಕೆ ಮುಖ ಸಣ್ಣದು ಮಾಡ್ಕೊಂಡಿದೀಯ?” ಅಂದರು. “ಮಂಟಪಕ್ಕೆ ಎಷ್ಟು ಮೂಲೆ? ನಾಲ್ಕು. ಮೂಲೆ ಬಂದಾಗೆಲ್ಲ ಎಡಕ್ಕೆ ಮುಕ್ಕಾಲು ಸುತ್ತು ಹೊಡಿ. ಬಲಕ್ಕೆ ಮುಖ ಬಂದೇ ಬರುತ್ತೆ. ನಾಲ್ಕೇಳಲಿ ಇಪ್ಪತ್ತೆಂಟು ಗಿರಕಿ. ಒಂದು ವಾರ ಪ್ರಾಕ್ಟೀಸು ಮಾಡು, ಸಲೀಸು.”

ಫ್ಯಾಕ್ಟರಿಯ ಹಿಂದಿನ ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಅಗ್ನಿಯ ಜಾಗದಲ್ಲಿ ಒಂದು ತಗಡಿನ ಬಕೆಟ್ಟು, ನಾಲ್ಕು ಮೂಲೆಗೆ ನಾಲ್ಕು ಐಸ್ ಗಡ್ಡೆ. ಮೊದಲ ದಿನ ಎರಡನೇ ಸುತ್ತಿಗೇ ಆಕಾಶ ಕೆಳಗೆ, ಭೂಮಿ ಮೇಲೆ. ಬಕೆಟ್ಟಿನೊಳಗೆ ಕೂತುಬಿಟ್ಟೆ. ಗಫಾರ್ ಸಾಹೇಬರು ಅಗ್ನಿಪ್ರವೇಶ ಆಯ್ತು ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನ ಪಂಚೆ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. ಮೂರನೆಯ ದಿನ ತಿಂದ ಇಡ್ಲಿಯೆಲ್ಲ ಹೊರಗೆ. ಫ್ಯಾಕ್ಟರಿಯ ಕೂಲಿಯವರೆಲ್ಲ ಕೆಲಸ ಬಿಟ್ಟು ಗೋಡೆಯ ಮೇಲೆ ಸಾಲಾಗಿ ಕೂತು ಎಣಿಸತೊಡಗಿದರು. ಹದಿಮೂರು, ಹದಿನಾಲ್ಕು, ಬಿದ್ದ! ತುಂಗಕ್ಕ ಮೊದಲು ತಲೆ ತಲೆ ಚಚ್ಚಿಕೊಂಡಳು. ಆಮೇಲೆ ತಾನೇ ನಿಂಬೆಹಣ್ಣು, ಶುಂಠಿ ಹಿಡಿದುಕೊಂಡು ಬಂದು ಗೋಡೆಯ ಪಕ್ಕ ಕೂತಳು. ಬೈಗುಳವಿತ್ತು, ಆದರೆ ನಿಂಬೆಹಣ್ಣು ಪ್ರತಿ ಸುತ್ತಿಗೂ ಸಮಯಕ್ಕೆ ಸರಿಯಾಗಿ ಮೂಗಿನ ಹತ್ತಿರ ಬರುತ್ತಿತ್ತು.

ಮಂಗಳವಾರ ಸಂಜೆ ಇಪ್ಪತ್ತೆಂಟು ಗಿರಕಿಯನ್ನೂ ಒಂದೂ ತಪ್ಪದೆ ಹೊಡೆದು, ನೆಟ್ಟಗೆ ನಿಂತು, ಎರಡೂ ಕೈ ಎತ್ತಿದೆ. ಗೋಡೆಯ ಮೇಲಿನವರು ಶಿಳ್ಳೆ ಹಾಕಿದರು. ಬುಗುರಿ ಪಾಲಾಕ್ಷ ಎಂದು ಬಿರುದನ್ನೂ ಕೊಟ್ಟರು. ಮಂದಾಕಿನಿಗೆ ಹೇಳಿಕಳಿಸಿದೆ: ಏನೂ ಯೋಚನೆ ಮಾಡಬೇಡಿ, ವಿದ್ಯೆ ಕೈಗೆ ಬಂದಿದೆ.

ಬುಧವಾರ ಛತ್ರದಲ್ಲಿ ಇಡೀ ಊರು ನೆರೆದಿತ್ತು. ಕರೆದವರು ಮುನ್ನೂರು ಜನ, ಬಂದವರು ಸಾವಿರ. ಎಡಸುತ್ತಿನ ಗಂಡಿನ ಮದುವೆ ನೋಡಲು ಯಾರಿಗೆ ಆಸೆಯಿರುವುದಿಲ್ಲ? ಧಾರೆಯಾಯಿತು, ತಾಳಿಯಾಯಿತು. ಜೋಯಿಸರು ಅಗ್ನಿ ಹೊತ್ತಿಸಿದರು. ಮಂದಾಕಿನಿ ಹಸಿರು ರೇಷ್ಮೆ ಸೀರೆ ಉಟ್ಟು, ತಲೆ ಬಗ್ಗಿಸಿ ನಿಂತಿದ್ದಳು. ಜೋಯಿಸರು ನನ್ನ ಶಲ್ಯದ ತುದಿಯನ್ನು ಅವಳ ಸೆರಗಿಗೆ ಬಿಗಿಯಾಗಿ ಗಂಟು ಹಾಕಿ, “ಹೂಂ, ನಡಿಯಪ್ಪಾ,” ಅಂದರು. ಓಲಗ ಶುರುವಾಯಿತು.

ನಡೆದೆ. ಮೊದಲನೇ ಮೂಲೆ ಬಂತು. ಎಡಕ್ಕೆ ಮುಕ್ಕಾಲು ಸುತ್ತು, ಲೀಲಾಜಾಲವಾಗಿ ಹೊಡೆದೆ. ಶಲ್ಯ ನನ್ನ ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡಿತು. ಹಿಂದೆ ಅವಳು ಎರಡು ಹೆಜ್ಜೆ ಎಳೆಸಿಕೊಂಡು ಬಂದಳು. ಎರಡನೇ ಮೂಲೆ. ಇನ್ನೊಂದು ಸುತ್ತು. ಈಗ ಅವಳ ಹಣೆ ನನ್ನ ಬೆನ್ನಿಗೆ ಢೀ ಎಂದು ಬಡಿಯಿತು, ಬಾಸಿಂಗ ಓರೆಯಾಯಿತು. ಮೂರನೇ ಮೂಲೆಯಲ್ಲಿ ನಾನು ಗಿರಕಿ ಹೊಡೆಯಲು ಹೋದೆ, ಆಗಲಿಲ್ಲ. ಇನ್ನು ಸುತ್ತಿಕೊಳ್ಳಲು ಬಟ್ಟೆಯೇ ಉಳಿದಿರಲಿಲ್ಲ. ಇಬ್ಬರೂ ಒಂದೇ ಮೂಟೆ.

ಬಕೆಟ್ಟಿನ ಸುತ್ತ ಒಂದು ವಾರ ಗಿರಕಿ ಹೊಡೆದ ಮಹಾಶಯನಿಗೆ, ಬೆನ್ನ ಹಿಂದೆ ಒಬ್ಬಳನ್ನು ಕಟ್ಟುತ್ತಾರೆ ಎಂಬುದೇ ಮರೆತುಹೋಗಿತ್ತು! ನನಗಷ್ಟೇ ಅಲ್ಲ, ಗಫಾರ್ ಸಾಹೇಬರಿಗೆ, ತುಂಗಕ್ಕನಿಗೆ, ಗೋಡೆಯ ಮೇಲೆ ಕೂತು ಎಣಿಸಿದ ಅಷ್ಟೂ ಜನಕ್ಕೆ ಮರೆತುಹೋಗಿತ್ತು. ಛತ್ರ ಗೊಳ್ಳೆಂದು ನಕ್ಕಿತು. ಓಲಗದವನು ನಗು ತಡೆಯಲಾರದೆ ಅಪಸ್ವರ ಊದಿ ನಿಲ್ಲಿಸಿದ. ಇಬ್ಬರು ಮುತ್ತೈದೆಯರು ಬಂದು ಮಂದಾಕಿನಿಯನ್ನು ನನ್ನ ಸುತ್ತ ನಡೆಸಿ ಒಂದೊಂದೇ ಸುತ್ತು ಬಿಡಿಸಿದರು.

“ಸಾಧ್ಯ ಇಲ್ಲ,” ಅಂದರು ಜೋಯಿಸರು, ಬೆವರು ಒರೆಸಿಕೊಳ್ಳುತ್ತಾ. “ಮುಹೂರ್ತ ಇನ್ನು ಅರ್ಧ ಗಳಿಗೆ ಇದೆ. ಬೇಡಪ್ಪಾ. ಅಗ್ನಿಕಾರ್ಯ ಎಂಟು ತಿಂಗಳು ಮುಂದಕ್ಕೆ ಹಾಕೋಣ.”

ನಗುತ್ತಿದ್ದವರು ತಲೆ ಆಡಿಸಿದರು. ಹೌದು, ಮುಂದಕ್ಕೆ ಹಾಕೋದೇ ವಾಸಿ ಎಂದು ಯಾರೋ ಅಂದರು. ನಾನು ಎಡಕ್ಕೆ ಅರ್ಧ ಸುತ್ತು ತಿರುಗಿ ಮಂದಾಕಿನಿಯನ್ನು ನೋಡಿದೆ. ಅವಳು ಅಳುತ್ತಿರಲಿಲ್ಲ. ಸೆರಗಿನ ಗಂಟನ್ನು ತಾನೇ ಬಿಚ್ಚಲು ಶುರುಮಾಡಿದ್ದಳು. ಯಾರೂ ಹೇಳದೆ, ಯಾರ ಮೇಲೂ ಸಿಟ್ಟಿಲ್ಲದೆ, ಅಭ್ಯಾಸವಾದ ಕೈಯಲ್ಲಿ ಬಿಚ್ಚುತ್ತಿದ್ದಳು. ಅವಳ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಊರ ಮುಂದೆ ಹಾಗೆ ಹಿಡಿಯಬಾರದು, ಹಿಡಿದೆ.

ಮುಂದೆ ದಾರಿ ಇಲ್ಲದಿದ್ದರೆ ಡ್ರೈವರ್ ಆದವನು ಏನು ಮಾಡುತ್ತಾನೆ? ಅವಳ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವನು, ಹಾಗೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಇನ್ನೊಂದು ಹೆಜ್ಜೆ ಇಟ್ಟೆ. ಅಗ್ನಿ ನನ್ನ ಎಡಕ್ಕಿತ್ತು. ಹಿಂದೆ ಸರಿಯುತ್ತಾ ಎಡಕ್ಕೆ ವಾಲಿದೆ. ಕಾಲು ತಡೆಯಲಿಲ್ಲ! ಕಬ್ಬಿನ ಹಾಲಿನ ಅಂಗಡಿಗೆ ದಿನಾ ಟೆಂಪೋ ರಿವರ್ಸ್ ಹಾಕುವಾಗ ಮಾಡುತ್ತಿದ್ದುದೇ. ನನ್ನ ಕೈ ಹಿಡಿದ ಮಂದಾಕಿನಿ ಮುಂದೆ ಮುಂದೆ ಬಂದಳು. ಅವಳ ಬಲಕ್ಕೆ ಅಗ್ನಿ. ಇಬ್ಬರೂ ಬಲಸುತ್ತಾಗಿ ಸರಿಯುತ್ತಿದ್ದೆವು, ಅವಳು ಬಲಕ್ಕೆ, ನಾನು ಎಡಕ್ಕೆ.

“ನಿಲ್ಲಿ, ನಿಲ್ಲಿ!” ಜೋಯಿಸರು ಕೈ ಅಡ್ಡ ಹಿಡಿದರು. “ಗಂಡಿನ ಎಡಕ್ಕೆ ಅಗ್ನಿ ಬರಬಾರದು.”

“ಜೋಯಿಸರೇ,” ಅಂದಳು ಮಂದಾಕಿನಿ. ಮದುಮಗಳು ಮಂಟಪದಲ್ಲಿ ಮಾತಾಡಿದ್ದು ನಮ್ಮೂರಲ್ಲಿ ಅದೇ ಮೊದಲಿರಬೇಕು. “ಹೆಂಡತಿ ಅಂದರೆ ಅರ್ಧ ದೇಹ ಅಂತ ಈಗ ತಾನೇ ಮಂತ್ರದಲ್ಲಿ ಹೇಳಿದ್ರಿ. ಬಲಗಡೆ ಅರ್ಧ ನಾನು ಇಟ್ಕೊಂಡಿದೀನಿ. ಎಡಗಡೆ ಅರ್ಧ ಅವರದು. ಲೆಕ್ಕ ಸರಿ ಇಲ್ವಾ?”

ಜೋಯಿಸರು ಅಗ್ನಿಯನ್ನು ನೋಡಿದರು, ನಮ್ಮಿಬ್ಬರನ್ನೂ ನೋಡಿದರು. ತುಂಗಕ್ಕ ಸೀರೆ ಎತ್ತಿ ಕಟ್ಟಿ ಮಂಟಪದ ಹತ್ತಿರ ಬಂದು, “ಏನು ನೋಡ್ತೀರಿ? ಮಂತ್ರ ಹೇಳಿ, ಮುಹೂರ್ತ ಮೀರುತ್ತೆ,” ಎಂದು ಗುಡುಗಿದಳು. ಜೋಯಿಸರು ಮಂತ್ರ ಶುರುಮಾಡಿದರು.

ಈಗ ಇನ್ನೊಂದು ಫಜೀತಿ. ಬೆನ್ನ ಹಿಂದೆ ಏನಿದೆ ಎಂದು ನನಗೆ ಕಾಣುವುದಿಲ್ಲ. ತುಪ್ಪದ ಪಾತ್ರೆ ಇದೆ, ಸಮಿತ್ತಿನ ಕಟ್ಟಿದೆ, ಕಂಬ ಇದೆ. ಹಿಂಜರಿದು ನಿಂತೆ. ಆಗ ಮಂದಾಕಿನಿ, ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ ಅಂದಳು.

“ಬರ್ಲಿ, ಬರ್ಲಿ.”

ನಾನು ದಂಗಾದೆ. ಮಹಡಿಯ ಕಿಟಕಿಯಿಂದ ನನ್ನ ಟೆಂಪೋ ರಿವರ್ಸ್ ಬರುವುದನ್ನು ಎಷ್ಟು ದಿನದಿಂದ ನೋಡುತ್ತಿದ್ದಳೋ! ಕಬ್ಬಿನ ಹಾಲಿನವನು ಕೂಗುವ ಅದೇ ರಾಗ.

“ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಹೊಡಿ. ಇನ್ನೂ ಸ್ವಲ್ಪ ಹೊಡಿ. ಹಾಂ, ತುಪ್ಪ ಇದೆ, ಕಾಲು ಎತ್ತಿಡು.”

ಹೊಡಿ ಅಂದಳು, ಇಡು ಅಂದಳು! ಒಂದು ವರ್ಷದಿಂದ ‘ನೀವು’ ಅನ್ನುವುದನ್ನು ಬಿಟ್ಟು ಒಂದಕ್ಷರ ಆಚೀಚೆ ಆಡದವಳು. ನನಗೆ ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಗಫಾರ್ ಸಾಹೇಬರು ದನಿ ಸೇರಿಸಿದರು. ಮೂರನೇ ಸುತ್ತಿಗೆ ಐಸ್ ಫ್ಯಾಕ್ಟರಿಯವರೆಲ್ಲ ಎದ್ದು ನಿಂತರು. ನಾಲ್ಕನೆಯದಕ್ಕೆ ಸಾವಿರ ಜನವೂ ಚಪ್ಪಾಳೆ ತಟ್ಟುತ್ತಾ ‘ಬರ್ಲಿ! ಬರ್ಲಿ!’ ಎಂದು ಕೂಗುತ್ತಿದ್ದರು. ಡೋಲಿನವನು ಅದೇ ತಾಳಕ್ಕೆ ಬಾರಿಸಿದ. ಜೋಯಿಸರ ಮಂತ್ರ ಯಾರಿಗೂ ಕೇಳಿಸಲಿಲ್ಲ. ಅವರ ತಲೆಯೂ ತಾಳಕ್ಕೆ ಅಲ್ಲಾಡುತ್ತಿತ್ತು ಎಂದು ತುಂಗಕ್ಕ ಇವತ್ತಿಗೂ ಆಣೆ ಮಾಡಿ ಹೇಳುತ್ತಾಳೆ.

ನಮ್ಮೂರಲ್ಲಿ ಇದುವರೆಗೆ ಮದುವೆಯಾದ ಗಂಡಸರೆಲ್ಲ ಆ ಏಳು ಸುತ್ತಿನಲ್ಲಿ ನೋಡಿದ್ದು ಹೊಗೆಯನ್ನು, ಕಂಬವನ್ನು, ತಮ್ಮ ಕಾಲಿನ ಹೆಬ್ಬೆರಳನ್ನು. ನಾನು ಏಳು ಸುತ್ತೂ ಅವಳ ಮುಖವನ್ನೇ ನೋಡಿದೆ. ಓರೆಯಾದ ಬಾಸಿಂಗ, ಹಣೆಯ ಮೇಲೆ ನನ್ನ ಬೆನ್ನಿಗೆ ಬಡಿದು ಅಳಿಸಿದ ಕುಂಕುಮ. ಐದನೇ ಸುತ್ತಿನಲ್ಲಿ ಅವಳು ನನ್ನ ಹೆಗಲ ಮೇಲಿಂದ ದಾರಿ ನೋಡುತ್ತಾ ನೋಡುತ್ತಾ ನಗಲು ಶುರುಮಾಡಿದಳು. ಆರನೆಯದರಲ್ಲಿ ನಗುತ್ತಲೇ ಕಣ್ಣಲ್ಲಿ ನೀರು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ನನ್ನ ಹತ್ತಿರ ಇತ್ತು. ಅವಳು ಬಿಡಿಸಿಕೊಳ್ಳಲಿಲ್ಲ, ನಾನೂ ಬಿಡಲಿಲ್ಲ. “ಬರ್ಲಿ,” ಅಂದಳು. “ಬರ್ಲಿ, ಬರ್ಲಿ.”

ನಾನು ಎಣಿಕೆ ತಪ್ಪಿದ್ದೆ. ಛತ್ರ ಎಲ್ಲಿದೆ, ಬಾಗಿಲು ಯಾವ ಕಡೆ, ಎಷ್ಟು ಸುತ್ತು ಆಯಿತು, ಒಂದೂ ಗೊತ್ತಿರಲಿಲ್ಲ. ಅವಳು ಕರೆದ ಕಡೆಗೆ ಬೆನ್ನು ಹಾಕಿ ಹೋಗುತ್ತಲೇ ಇದ್ದೆ, ಇನ್ನೂ ಎಷ್ಟು ದೂರ ಬೇಕಾದರೂ ಹೋಗುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಕೈಗಳನ್ನು ಹಿಡಿದು ಜಗ್ಗಿದಳು.

“ಸಾಕು, ನಿಲ್ಲು,” ಅಂದಳು. “ಬಂದ್ವಿ.”